ಅಕ್ಕನ ಶನಿವಾರದ ತರಗತಿ

ವಾರವೆಲ್ಲ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ದುಡಿಯುವ ನನಗೆ ಶನಿವಾರ ಮಧ್ಯಾಹ್ನ ಒಂದು ಗಂಟೆ ನಿದ್ದೆ ಬೇಕು. ಅದಕ್ಕೆ ನಮ್ಮ ಅಕ್ಕ ಕಲ್ಲು ಹಾಕಿ ಹನ್ನೊಂದು ವರ್ಷವಾಯಿತು.

ಅವಳು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹಿರಿಯ ಅಧ್ಯಾಪಕಿ. ಹೊಸದಾಗಿ ಸೇರಿದವರಿಗೆ ಪಾಠ ಮಾಡುವುದನ್ನು ಕಲಿಸುವ ಕೆಲಸವೂ ಅವಳ ಕೊರಳಿಗೇ ಬಿದ್ದಿದೆ. ಕಾಲೇಜಿನಲ್ಲಿ ಪುರುಸೊತ್ತಿಲ್ಲವೆಂದು ಅವರನ್ನೆಲ್ಲ ಮನೆಗೇ ಕರೆಯುತ್ತಾಳೆ. ನಡುಮನೆಯ ಗೋಡೆಗೆ ಕರಿಹಲಗೆ, ಎದುರಿಗೆ ಅಮ್ಮನ ಹೊಲಿಗೆ ಯಂತ್ರ. ಬಂದವರು ಅಮ್ಮನಿಗೆ ಪಾಠ ಮಾಡಬೇಕು. ಇದು ಕಾಲೇಜಿಗೆಲ್ಲ ಗೊತ್ತು. ಅಮ್ಮ ಏಳನೇ ತರಗತಿಗೆ ಶಾಲೆ ಬಿಟ್ಟು, ನಲವತ್ತು ವರ್ಷ ಊರವರ ಬಟ್ಟೆ ಹೊಲಿದವಳು. ನನಗಂತೂ ಇದೆಲ್ಲ ಹುಚ್ಚಾಟವೆಂದೇ ಅನ್ನಿಸುತ್ತಿತ್ತು.

ಹೋದ ವರ್ಷ ಒಬ್ಬ ಬಂದ. ಚಿನ್ನದ ಪದಕ ಪಡೆದವನು. ಮಾತಿನ ವೇಗಕ್ಕೆ ವಿದ್ಯಾರ್ಥಿಗಳು 'ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟಿದ್ದರು. ಅವನ ವಿಷಯದಲ್ಲಿ ಅರವತ್ತಕ್ಕೆ ಒಂಬತ್ತು ಜನ ಮಾತ್ರ ಪಾಸಾಗಿದ್ದರು. ಸೋಮವಾರ ವಿಭಾಗದ ಮುಖ್ಯಸ್ಥರೇ ಅವನ ತರಗತಿಯಲ್ಲಿ ಕೂತು ನೋಡುವವರಿದ್ದರು. ಅವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ಕಾಯಂ ಆಗುವುದಿಲ್ಲ.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿದೆ ಮೇಡಂ. ಅರ್ಥ ಆಯ್ತಾ ಅಂದ್ರೆ ಎಲ್ಲರೂ ಆಯ್ತು ಸಾರ್ ಅಂತಾರೆ. ಪೇಪರ್ ನೋಡಿದ್ರೆ ಸೊನ್ನೆ."

"ಕಿನ್ನರಿ ಶ್ರುತೀಲಿದ್ಯಾ ಅಂತ ಮೊದ್ಲು ನೋಡೋಣ. ಶುರು ಮಾಡಪ್ಪ" ಎಂದಳು ಅಕ್ಕ.

ಲೋಹದ ತಗಡಿನಲ್ಲಿ ಚೌಕ ಕಿಂಡಿ ಕೊರೆದರೆ ಬಿರುಕು ಅದರ ಮೂಲೆಯಿಂದಲೇ ಏಕೆ ಹುಟ್ಟುತ್ತದೆ ಎಂಬುದು ಪಾಠ. ಅವನು ಹಲಗೆಯ ತುಂಬ ಸೂತ್ರ ಬರೆದ. ಹತ್ತು ನಿಮಿಷ ಬಿಟ್ಟು ತಿರುಗಿ, "ಅರ್ಥ ಆಯ್ತಾ ಅಮ್ಮ?" ಎಂದ.

"ಆಯ್ತಪ್ಪ."

ಅವನ ಮುಖ ಅರಳಿತು. "ಏನರ್ಥ ಆಯ್ತು, ಹೇಳಮ್ಮ" ಎಂದಳು ಅಕ್ಕ.

ಅಮ್ಮ ಸೂಜಿಗೆ ದಾರ ಪೋಣಿಸುತ್ತ, "ಏನೂ ಆಗ್ಲಿಲ್ಲ ಕಣೆ. ಪಾಪ, ಅಷ್ಟೊಂದು ಬೆವರ್ತಾ ಇದಾನೆ, ಇಲ್ಲ ಅಂದ್ರೆ ಬೇಜಾರು ಮಾಡ್ಕೋತಾನೆ ಅಂತ ಆಯ್ತು ಅಂದೆ" ಎಂದಳು.

ಒಳಗೆ ಮಲಗಿದ್ದ ನಾನು ಹೊದಿಕೆಯೊಳಗೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊರಗೆ ಯಾರೂ ನಗಲಿಲ್ಲ.

"ಹಾಗಾದ್ರೆ ಕ್ಲಾಸಿನ ಹುಡುಗ್ರೂ ಕನಿಕರಕ್ಕೇ ಆಯ್ತು ಅಂತಿದ್ರಾ?" ಎಂದ ಎಕ್ಸ್‌ಪ್ರೆಸ್.

"ಅರ್ಧ ಜನ ಕನಿಕರಕ್ಕೆ, ಇನ್ನರ್ಧ ಜನ ಬೇಗ ಬಿಡ್ಲಿ ಅಂತ." ಅಕ್ಕನಿಗೆ ಮುಲಾಜೆಂಬುದೇ ಇಲ್ಲ. ಆಮೇಲೆ ಅವನ ಪಕ್ಕ ಕೂತು, "ಇನ್ಮೇಲೆ ಎಲ್ಲಿ ದಾರಿ ತಪ್ತು ಅಂತ ಕೇಳು. ಕೇಳಿ ಸುಮ್ನೆ ನಿಂತ್ಕೋ. ಯಾರೂ ಮಾತಾಡ್ಲಿಲ್ಲ ಅಂತ ಹೆದರಬೇಡ. ಮೊದಲ ವರ್ಷ ನಾನೂ ಹೆದರಿ, ಸ್ಟಾಫ್ ರೂಮಲ್ಲಿ ಅತ್ತಿದೀನಿ" ಎಂದಳು.

ಹುಲಿಯಂಥ ಅಕ್ಕ ಅತ್ತಿದ್ದಳೆಂದು ನನಗೂ ಗೊತ್ತಿರಲಿಲ್ಲ. ಎದ್ದು ಕೂತೆ.

ಅವನು ಹಾಗೇ ಕೇಳಿದ. ಸುಮ್ಮನೆ ನಿಂತ. ಬಹಳ ಹೊತ್ತಿನ ಮೇಲೆ ಅಮ್ಮ ಬಾಯಿ ಬಿಟ್ಟಳು: "ಈ ಮೂಲೆ ಅಂತೀಯಲ್ಲ, ಅಲ್ಲೇ. ಬಟ್ಟೇಲೂ ಚೂಪು ಮೂಲೆ ಬಿಟ್ರೆ ಅಲ್ಲಿಂದ್ಲೇ ಹರಿಯುತ್ತೆ. ಅದಕ್ಕೆ ನಾನು ಸ್ವಲ್ಪ ದುಂಡಗೆ ಕತ್ತರಿಸ್ತೀನಿ. ನೀನು ಹೇಳ್ತಿರೋದು ಅದೇನಾ?"

ಅವನು ಸೀಮೆಸುಣ್ಣ ಕೆಳಗಿಟ್ಟ. "ಅದೇ ಅಮ್ಮ. ಪೂರ್ತಿ ಅದೇ."

ಸಂಜೆಯವರೆಗೆ ಇಬ್ಬರೂ ಚಿಂದಿ ಕತ್ತರಿಸಿ ಹರಿದು ನೋಡಿದರು. ಗುಡಿಸಿದವನು ಮಾತ್ರ ನಾನು.

ಸೋಮವಾರ ಸಂಜೆ ಎಕ್ಸ್‌ಪ್ರೆಸ್ ಓಡೋಡಿ ಬಂದ. ಮುಖ ಬಿಳುಚಿಕೊಂಡಿತ್ತು.

"ಎಲ್ಲಿ ದಾರಿ ತಪ್ತು ಅಂತ ಕೇಳ್ದೆ ಮೇಡಂ. ಮುಖ್ಯಸ್ಥರ ಎದುರಿಗೇ ಹನ್ನೆರಡು ಜನ ಕೈ ಎತ್ತಿದ್ರು. ಅವರ ಪ್ರಶ್ನೆಗೇ ಗಂಟೆ ಕಳೀತು, ಪಾಠ ಮುಗೀಲೇ ಇಲ್ಲ. ಮುಖ್ಯಸ್ಥರು ತುಟಿ ಪಿಟಕ್ಕೆನ್ನದೆ ಎದ್ದು ಹೋದ್ರು. ನನ್ನ ಕಥೆ ಮುಗೀತು."

ಅಕ್ಕ ಅವನಿಗೆ ಕಾಫಿ ಕೊಟ್ಟು ಕಳಿಸಿದಳು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಕಾಲೇಜಿನಲ್ಲೂ ವಾರವಿಡೀ ಸುದ್ದಿಯಿಲ್ಲ.

ಶನಿವಾರ ಎರಡು ಗಂಟೆಗೆ ಯಾರೋ ಬಾಗಿಲು ಬಡಿದರು. ಬೈದುಕೊಳ್ಳುತ್ತಲೇ ತೆರೆದೆ. ತಲೆ ನರೆತ ಹಿರಿಯರೊಬ್ಬರು ನಿಂತಿದ್ದರು. ತಾವು ವಿಭಾಗದ ಮುಖ್ಯಸ್ಥರೆಂದು ಹೇಳಿ, ಎಕ್ಸ್‌ಪ್ರೆಸ್‌ನನ್ನು ಕಾಯಂ ಮಾಡಿದ ಆದೇಶವನ್ನು ಅಕ್ಕನಿಗೆ ಕೊಡಲೆಂದು ನನ್ನ ಕೈಗಿತ್ತರು. ಹೊರಡುತ್ತಾರೆಂದುಕೊಂಡೆ, ಹೊರಡಲಿಲ್ಲ. ಕಂಕುಳಲ್ಲಿ ಒಂದು ಹಳೆಯ ನೋಟ್ಸ್ ಪುಸ್ತಕವಿತ್ತು.

"ನನ್ನ ಕ್ಲಾಸಲ್ಲಿ ಇಪ್ಪತ್ತಾರು ವರ್ಷದಿಂದ ಒಬ್ರೂ ಕೈ ಎತ್ತಿಲ್ಲಪ್ಪ" ಎಂದರು ಸಂಕೋಚದಿಂದ. "ನಿಮ್ಮ ತಾಯಿಯವರಿಗೆ ಬಿಡುವಿದೆಯಾ?"