ಅಯೋವಾ ಹಂಸ ಮನೆ ಬದಲಾಯಿಸಿದ್ದು

ಅಮೆರಿಕದ ಅಯೋವಾದಲ್ಲಿ ಮನೆ ಮಾಡೋದು ಮೇಲೋ, ಪಕ್ಕದ ಮಿನ್ನೆಸೋಟಾದಲ್ಲೋ ಅಂತ ತಲೆ ಕೆಡಿಸಿಕೊಂಡ ಅಲ್ಲಿನ ಜನಕ್ಕೆ ಬುದ್ಧಿ ಹೇಳೋದು ಬಾಣಸವಾಡಿಯ ಹಂಸಳ ಕೆಲಸ. ನಗಬೇಡಿ, ಅದಕ್ಕೆ ತಿಂಗಳಾ ತಿಂಗಳಾ ಸಂಬಳ ಬರುತ್ತೆ. ಊರು ಬಿಟ್ಟು ಊರಿಗೆ ಹೋಗುವ ಅಮೆರಿಕದವರಿಗೆ ಅಂತಲೇ ಒಂದು ವೆಬ್‌ಸೈಟ್ ಇದೆ. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಕೂತು ಇವಳು ಅದಕ್ಕೆ ಬರೀತಾಳೆ. ಅಯೋವಾದಲ್ಲಿ ಮನೆ ಅಗ್ಗ, ಕಣ್ಣು ಹಾಯುವಷ್ಟು ದೂರ ಜೋಳದ ಹೊಲ. ಮಿನ್ನೆಸೋಟಾದಲ್ಲಿ ಸಂಬಳ ಜಾಸ್ತಿ, ತೆರಿಗೇನೂ ಜಾಸ್ತಿ, ಎಲ್ಲಿ ನೋಡಿದರೂ ಕೆರೆ, ಚಳಿ ಮಾತ್ರ ಮೂಗು ಕೊಯ್ಯುತ್ತೆ. ಹಂಸ ಕಂಡ ಕೆರೆ ಅಂದ್ರೆ ಹಲಸೂರು ಕೆರೆ, ಅದೂ ಬಸ್ಸಿನ ಕಿಟಕಿಯಿಂದ. ಕಂಡ ಚಳಿ ಜನವರಿಯದು, ಅದಕ್ಕೇ ಮಂಕಿ ಕ್ಯಾಪ್ ಹಾಕಿಕೊಂಡು ಕೆಮ್ಮುವವಳು. ಆದರೂ ಆಫೀಸಿನಲ್ಲಿ ಅವಳನ್ನು ‘ಅಯೋವಾ ಅಕ್ಕ’ ಅಂತಲೇ ಕರೆಯೋದು, ಅವಳೂ ಎದೆ ಉಬ್ಬಿಸಿಕೊಂಡು ‘ಏನ್ರೋ’ ಅನ್ನೋದು.

ಇಷ್ಟೆಲ್ಲಾ ವಲಸೆಯ ಜ್ಞಾನ ತುಂಬಿಕೊಂಡ ಹೆಣ್ಣುಮಗಳು ಹುಟ್ಟಿದ ಮನೆಯಿಂದ ಎಷ್ಟು ದೂರ ಹೋಗಿದ್ದಳು ಅಂತೀರಿ? ರಸ್ತೆ ದಾಟಿದ್ದಳು. ಸೋದರಮಾವ ಮುನಿಶಾಮಿಯ ಮಗ ನಿತೀಶನಿಗೇ ಅವಳನ್ನು ಕೊಟ್ಟಿದ್ದು, ಮಾವನ ಮನೆ ಎದುರುಗಡೆಯೇ. ಹೆಣ್ಣೊಪ್ಪಿಸಿ ಕಳಿಸುವ ಹೊತ್ತಲ್ಲಿ, ಹೂವಿನ ಕಾರು ಇಷ್ಟು ಹತ್ತಿರ ಹೋದರೆ ಮರ್ಯಾದೆ ಅಲ್ಲ ಅಂತ ಹಿರಿಯರು ಮಾತಾಡಿಕೊಂಡು, ಕಮ್ಮನಹಳ್ಳಿ ಸುತ್ತಿಸಿಕೊಂಡು ಕರೆತಂದರು. ಹಂಸ ದಾರಿಯುದ್ದಕ್ಕೂ ಬಿಕ್ಕಿ ಬಿಕ್ಕಿ ಅತ್ತಳು. ಇಳಿದು ನೋಡಿದರೆ, ಅವಳ ಅಮ್ಮ ಯಮುನಾ ಆಗಲೇ ರಸ್ತೆ ದಾಟಿ ಬಂದು ಈ ಮನೆ ಅಡುಗೆಮನೆಯಲ್ಲಿ ಕಾಫಿ ಕಾಸುತ್ತಿದ್ದಳು. ಆ ಅಳು ಪೂರ್ತಿ ದಂಡ ಆಯ್ತಲ್ಲಾ ಅಂತ ಹಂಸಳಿಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆ ಬೀದಿಯಲ್ಲಿ ಇರುವವರೆಲ್ಲಾ ಒಂದಲ್ಲ ಒಂದು ಕಡೆಯಿಂದ ನೆಂಟರೇ. ಹಗಲು ಹೊತ್ತು ಬಾಗಿಲಿಗೆ ಚಿಲಕ ಹಾಕೋ ಪದ್ಧತಿ ಇಲ್ಲ. ಹಾಕಿದರೆ ಒಳಗೆ ಏನೋ ಜಗಳ ನಡೀತಿದೆ ಅಂತ ಲೆಕ್ಕ. ಯಾರು ಬೇಕಾದರೂ ಬರಬಹುದು, ಪಾತ್ರೆ ಮುಚ್ಚಳ ತೆಗೆದು ‘ಇವತ್ತೂ ಬಸ್ಸಾರೇನಾ?’ ಅನ್ನಬಹುದು. ಇದಕ್ಕೆಲ್ಲಾ ಮೂಲ ಅತ್ತೆ ದೊಡ್ಡಮುನಿಯಮ್ಮ ಅಂತ ಹಂಸಳ ದೃಢವಾದ ನಂಬಿಕೆ. ಮಗುವಿಗೆ ಎಣ್ಣೆ ನೀರು ಹಾಕಬೇಕಾ, ದೊಡ್ಡಮುನಿಯಮ್ಮನ್ನ ಕರೀರಿ. ಗಂಡ ಹೆಂಡ್ತಿ ಕಿತ್ತಾಡಿದ್ರಾ, ದೊಡ್ಡಮುನಿಯಮ್ಮನ್ನ ಕರೀರಿ. ಆಕೆಯ ಗಂಟಲೂ ಅಂಥದ್ದೇ. ಈ ತುದಿಯಲ್ಲಿ ನಿಂತು ಬೈದರೆ ಆ ತುದಿಯಲ್ಲಿ ತರಕಾರಿ ಗಾಡಿಯವನು ತೂಕ ಸರಿ ಮಾಡಿಕೊಳ್ಳುತ್ತಿದ್ದ.

ಹೀಗಿರುವಾಗ, ಸಿ.ವಿ. ರಾಮನ್ ನಗರದಲ್ಲಿ ಇವರದೇ ಒಂದು ಫ್ಲಾಟು ಖಾಲಿಯಾಯಿತು. ಹಿಂದೆ ರಾಗಿ ಬೆಳೆಯುತ್ತಿದ್ದ ಜಮೀನನ್ನು ಬಿಲ್ಡರಿಗೆ ಕೊಟ್ಟಾಗ ಪಾಲಿಗೆ ಬಂದ ಫ್ಲಾಟು, ಐದನೇ ಮಹಡಿ, ಅವಳ ಆಫೀಸಿಗೆ ನಡೆದುಹೋಗುವ ದೂರ. ಹಂಸಳ ಕಣ್ಣು ಅದರ ಮೇಲೆ ಬಿತ್ತು. ಒಂದು ಭಾನುವಾರ ಮನೆಯವರನ್ನೆಲ್ಲಾ ನಡುಮನೆಯಲ್ಲಿ ಕೂರಿಸಿ, ಬಾಣಸವಾಡಿ ಮತ್ತು ಸಿ.ವಿ. ರಾಮನ್ ನಗರವನ್ನು ಅಯೋವಾ ಮಿನ್ನೆಸೋಟಾದ ಹಾಗೆ ಅಕ್ಕಪಕ್ಕ ನಿಲ್ಲಿಸಿ ಭಾಷಣ ಹೊಡೆದಳು. ನೀರು, ಧೂಳು, ಗಲಾಟೆ, ‘ಕ್ವಾಲಿಟಿ ಆಫ್ ಲೈಫ್’. ಅರ್ಧ ಗಂಟೆ ಮಾತಾಡಿದವಳು, ‘ನನ್ನ ಅಡುಗೆಮನೇಲಿ ನಾನೊಬ್ಬಳೇ ನಿಂತ್ಕೋಬೇಕು’ ಅನ್ನೋ ನಿಜ ಒಂದನ್ನು ಬಿಟ್ಟು ಬೇರೆಲ್ಲಾ ಹೇಳಿದಳು.

“ಆಯ್ತಮ್ಮಾ” ಅಂದ ಮುನಿಶಾಮಿ ಮಾವ, ಮೀಸೆಯಲ್ಲೇ ನಗುತ್ತಾ. “ಗಂಡ ಮಗನ್ನ ಕರ್ಕೊಂಡು ಹೋಗಿ ದೀಪಾವಳಿವರೆಗೂ ಇದ್ದು ನೋಡು. ಒಂದೇ ಒಂದ್ಸಲ ‘ಅಯ್ಯೋ ಮಾವಾ’ ಅಂತ ಫೋನ್ ಬಂತೋ, ಅವತ್ತೇ ಲಾರಿ ಕಳಿಸ್ತೀನಿ. ಫ್ಲಾಟು ಬಾಡಿಗೆಗೆ, ನೀನು ಬಾಣಸವಾಡಿಗೆ.”

ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆ ತಲೆ ಎತ್ತದೆ, “ಹೋಗ್ಲಿ ಬಿಡಿ, ಪಾಪ” ಅಂದಳು. ನಾನು ತೊಲಗಿದರೆ ಸಾಕು ಅಂತಿರಬೇಕು ಇವಳಿಗೆ ಅಂತ ಹಂಸ ಅಂದುಕೊಂಡಳು.

ಹಾಲುಕ್ಕಿಸಿದ ದಿನ ಒಂದು ಸಣ್ಣ ಪ್ರಸಂಗ ನಡೆಯಿತು. ಬಿಲ್ಡರ್ ಕೊಟ್ಟ ಮೂರು ಬೀಗದ ಕೈಗಳಲ್ಲಿ ಒಂದಕ್ಕಾಗಿ ಅತ್ತೆ ಮೆಲ್ಲಗೆ ಕೈ ಚಾಚಿದಳು. ಹಂಸ ನೋಡಿಯೂ ನೋಡದ ಹಾಗೆ ನಿತೀಶನಿಗೊಂದು ಕೊಟ್ಟು, ಉಳಿದ ಎರಡನ್ನೂ ತನ್ನ ಬ್ಯಾಗಿಗೆ ಹಾಕಿಕೊಂಡಳು. ಅತ್ತೆಯ ಕೈ ಹಾಗೇ ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು, ಆಮೇಲೆ ಸೆರಗು ಸರಿಮಾಡಿಕೊಂಡಿತು.

ಆಹಾ, ಆ ಮೊದಲ ವಾರಗಳು! ಯಾರೂ ಬಾಗಿಲು ತಟ್ಟಲ್ಲ, ಯಾರೂ ಏನು ಸಾರು ಅಂತ ಕೇಳಲ್ಲ. ಹಂಸ ತನ್ನ ಆಯ್ಕೆಯನ್ನು ತಾನೇ ಹೊಗಳಿಕೊಂಡಳು. ವಾರದಲ್ಲಿ ಎರಡು ದಿನ, ಮಂಗಳವಾರ ಗುರುವಾರ, ಆಫೀಸಿಗೆ ಹೋಗಬೇಕು. ಉಳಿದ ದಿನ ಮನೆಯಿಂದಲೇ ಕೆಲಸ. ಆಫೀಸಿನಿಂದ ಬಂದು ನೋಡಿದರೆ ಮನೆ ಫಳಫಳ. ಬೆಳಿಗ್ಗೆ ಗಡಿಬಿಡಿಯಲ್ಲಿ ಬಿಸಾಕಿದ್ದ ಹೊದಿಕೆ ಮಡಚಿದ ಹಾಗಿರುತ್ತಿತ್ತು, ಲೋಟ ತೊಳೆದು ಬೋರಲಿಟ್ಟ ಹಾಗಿರುತ್ತಿತ್ತು. “ನೋಡ್ರೀ, ಇಲ್ಲಿ ಧೂಳೂ ಇಲ್ಲ, ಕೊಳೇನೂ ಆಗಲ್ಲ. ಒಳ್ಳೇ ಜಾಗದಲ್ಲಿದ್ರೆ ಮನುಷ್ಯ ತಾನಾಗೇ ನೀಟಾಗ್ತಾನೆ” ಅಂತ ಗಂಡನಿಗೆ ಉಪದೇಶ ಮಾಡಿದಳು. ನಿತೀಶ ಮುಖ ಆ ಕಡೆ ತಿರುಗಿಸಿ ‘ಹೂಂ’ ಅಂದ. ಇನ್ನೊಬ್ಬಳಾಗಿದ್ದರೆ ಆ ‘ಹೂಂ’ನಲ್ಲೇ ಕಳ್ಳನನ್ನು ಹಿಡಿಯುತ್ತಿದ್ದಳು. ಆದರೆ ಅಯೋವಾ ಅಕ್ಕನಿಗೆ ಏಳು ಸಮುದ್ರದಾಚೆಯದು ಕಾಣುತ್ತೆ, ಮೂಗಿನ ಕೆಳಗಿನದು ಕಾಣಲ್ಲ.

ಒಂದು ಬುಧವಾರ. ಗಂಡ ವೈಟ್‌ಫೀಲ್ಡಿಗೆ, ಮಗ ಸ್ಕೂಲಿಗೆ. ಹಂಸ ಹಾಲನ್ನು ಸಣ್ಣ ಉರಿಯಲ್ಲಿಟ್ಟು ಸಾರಿಗೆ ಒಗ್ಗರಣೆ ಹಾಕಲು ನೋಡಿದರೆ ಕರಿಬೇವಿಲ್ಲ. ಎದುರು ಫ್ಲಾಟಿನ ಬಾಗಿಲಲ್ಲಿ ಒಂದು ಕುಂಡ, ಅದರ ತುಂಬಾ ಕರಿಬೇವು. ಬಾಣಸವಾಡಿಯಲ್ಲಿ ಕರಿಬೇವು ಕಿತ್ತುಕೊಳ್ಳಲು ಯಾರೂ ಯಾರನ್ನೂ ಕೇಳೋದಿಲ್ಲ. ಹಂಸ ನೈಟಿಯಲ್ಲೇ ಆಚೆ ಬಂದಳು. ಹುಟ್ಟಿದಾಗಿನಿಂದ ಮಾಡುತ್ತಿದ್ದ ಹಾಗೇ ಬಾಗಿಲನ್ನು ಮುಂದಕ್ಕೆಳೆದುಕೊಂಡಳು. ಎರಡೆಸಳು ಕಿತ್ತಳು. ಹಿಂದಿನಿಂದ ‘ಟಕ್’ ಅಂತು.

ತಾನಾಗಿ ಬೀಗ ಬೀಳುವ ಬಾಗಿಲು. ಮೊಬೈಲು ಒಳಗೆ, ಬೀಗದ ಕೈ ಎರಡೂ ಒಳಗೆ, ಒಲೆ ಮೇಲೆ ಹಾಲು. ಹಂಸ ಬಾಗಿಲು ತಳ್ಳಿದಳು, ಗುದ್ದಿದಳು, ಕೊನೆಗೆ “ತೆಗ್ಕೊಳ್ಳಪ್ಪಾ” ಅಂತ ಬೇಡಿಕೊಂಡೂ ಬಿಟ್ಟಳು. ಅಷ್ಟರಲ್ಲಿ ಎದುರು ಬಾಗಿಲು ತೆರೆದು ಆಚೆ ಬಂದ ಒಬ್ಬ ಹೆಂಗಸು ಮೊದಲು ಇವಳ ಮುಖ ನೋಡಿದಳು, ಆಮೇಲೆ ಕೈಯಲ್ಲಿದ್ದ ತನ್ನ ಕರಿಬೇವು ನೋಡಿದಳು. ಮೆಹ್ವಿಶ್ ಅಂತ ಹೆಸರು. ಇಷ್ಟು ದಿನ ಎದುರುಬದುರು ಇದ್ದು ಹಂಸಳಿಗೆ ಅದೂ ಗೊತ್ತಿರಲಿಲ್ಲ.

“ಅರೆ, ಲಾಕ್ ಆಗೋಯ್ತಾ? ಅಳ್ಬೇಡಿ ಮೇಡಂ, ಫೋನ್ ತಗೊಳ್ಳಿ.”

ಫೋನೇನೋ ಬಂತು, ನಂಬರ್ರು? ಗಂಡನ ನಂಬರಿನಲ್ಲಿ ಕೊನೆಗೆ ಏಳು ಬರುತ್ತೆ ಅನ್ನೋದು ಬಿಟ್ಟು ಏನೂ ನೆನಪಾಗಲಿಲ್ಲ. ಪೂರ್ತಿ ಬಾಯಿಗೆ ಬರುವ ನಂಬರು ಒಂದೇ, ಅತ್ತೆಯದು. ಬೀದಿಯ ಮಕ್ಕಳಿಗೆಲ್ಲಾ ಮಗ್ಗಿಗಿಂತ ಮೊದಲು ಕಲಿಸಿದ ನಂಬರು ಅದು. ಮಾಡಿದರೆ ದೊಡ್ಡಮುನಿಯಮ್ಮ ಇಡೀ ಬೀದಿ ಕಟ್ಟಿಕೊಂಡು ಬರ್ತಾಳೆ, ಮಾವನ ಲಾರಿ ಹಿಂದೆಯೇ ಬರುತ್ತೆ, ಫ್ಲಾಟು ಹೋಯ್ತು. ಹಂಸ ನಿಂತೇ ಇದ್ದಳು. ಬಾಗಿಲ ಸಂದಿಯಿಂದ ಸೀದ ವಾಸನೆ ಬಂತು. ಮಾಡಿದಳು.

“ಅತ್ತೇ… ಬಾಗಿಲಿಗೆ ಬೀಗ ಬಿದ್ದೋಯ್ತು. ಒಳಗೆ ಹಾಲಿಟ್ಟಿದೀನಿ.”

“ಅಲ್ಲೇ ಇರು, ಬಂದೆ” ಅಂದು ಅತ್ತೆ ಫೋನಿಟ್ಟಳು. ಬಾಗಿಲು ಒಡೆಸೋದಾ, ಬಡಗಿ ಕರೆಸೋದಾ, ಒಂದೂ ಕೇಳಲಿಲ್ಲ.

ಮೆಹ್ವಿಶ್ ಕುರ್ಚಿ ತಂದು ಹಾಕಿದಳು. “ನಿಮ್ ಮನೆಗೆ ಒಬ್ರು ಅಮ್ಮ ಬರ್ತಾರಲ್ಲ, ಅವರತ್ರ ಚಾಬಿ ಇದೆಯಲ್ಲ?”

“ಯಾವ ಅಮ್ಮ?”

“ಮಂಗಳವಾರ, ಗುರುವಾರ ಬರ್ತಾರೆ. ದಪ್ಪ ಮೂಗುಬೊಟ್ಟು. ನೀವು ಹೋಗಿ ಸ್ವಲ್ಪ ಹೊತ್ತಿಗೇ ಬರ್ತಾರೆ, ಸಾಯಂಕಾಲ ಹೋಗ್ತಾರೆ. ನಾನು ಸಲಾಂ ಮಾಡಿದ್ರೆ ಸುಮ್ನೆ ನಗ್ತಾರೆ, ಒಂದು ಮಾತಾಡಲ್ಲ. ಪಾಪ, ಮೂಗಿ ಅಲ್ವಾ ಅವರು?”

ಬಾಣಸವಾಡಿಯನ್ನೇ ನಡುಗಿಸುವ ಗಂಟಲಿಗೆ ಮೂಗಿ ಅಂತ ಬಿರುದು ಸಿಕ್ಕಿದೆ ಅಂತ ಹಂಸಳಿಗೆ ಅರ್ಥವಾಗಲು ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟರಲ್ಲಿ ಲಿಫ್ಟೂ ತೆರೆಯಿತು. ಅತ್ತೆ ಒಬ್ಬಳೇ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದಳು, ಬಾಗಿಲು ತೆರೆದಳು, ಸೀದಾ ಹೋಗಿ ಒಲೆ ಆರಿಸಿದಳು. ಹಂಸಳಿಗೇ ಇನ್ನೂ ತಡಕಾಡಬೇಕಾದ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನು ನೋಡದೆಯೇ ಒತ್ತಿದಳು. ಕರಕಲಾದ ಪಾತ್ರೆಗೆ ನೀರು ಬಿಟ್ಟು ಈ ಕಡೆ ತಿರುಗಿದಳು. ಅವಳ ಮುಖ, ಬೆಣ್ಣೆ ಕದ್ದು ಸಿಕ್ಕಿಬಿದ್ದವರ ಮುಖ.

“ನಿತೀಶನ್ನ ಬೈಬೇಡ ಕಣೇ. ನಾನೇ ಆಣೆ ಹಾಕಿಸಿ ಅವನ ಕೈಲಿ ಇನ್ನೊಂದು ಬೀಗದ ಕೈ ಮಾಡಿಸ್ಕೊಂಡೆ.”

“ಮನೆ ಕ್ಲೀನ್ ಮಾಡಕ್ಕೆ ಬರ್ತಿದ್ರಾ ಅತ್ತೆ?”

“ಥೂ, ಅದ್ಯಾಕೆ ಬರ್ಲಿ! ಮಲಗಕ್ಕೆ ಬತ್ತಿದ್ದೆ.” ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ತಿರುಚಿದಳು. “ಮದುವೆಯಾಗಿ ಬಂದಾಗಿಂದ ಒಂದು ಮಧ್ಯಾಹ್ನ ಪೂರ್ತಿ ಕಣ್ಣು ಮುಚ್ಚಿಲ್ಲ ಹಂಸಾ. ‘ದೊಡ್ಡಮುನಿಯಮ್ಮಾ’ ಅಂತ ಯಾವಳಾದ್ರೂ ಕೂಗ್ತಾಳೆ. ಬೈದ್ರೂ ಬತ್ತಾರೆ, ಬೈಯದಿದ್ರೂ ಬತ್ತಾರೆ. ಇಲ್ಲಿ ನನ್ನ ಹೆಸರೇ ಯಾರಿಗೂ ಗೊತ್ತಿಲ್ವಲ್ಲ… ಎಷ್ಟು ಸುಖ ಅಂತೀಯಾ! ನಿಮ್ಮ ಮಾವಂಗೆ ಹೇಳ್ಬೇಡ ಕಣೇ, ಅವನಿಗೆ ದೇವಸ್ಥಾನ, ನೆಂಟರ ಮನೆ ಅಂತ ಹೇಳಿ ಬತ್ತಿದ್ದೆ. ನಗ್ತಾನೆ, ಬೀದಿಗೆಲ್ಲಾ ಹೇಳ್ತಾನೆ.”

ಹಂಸಳಿಗೆ ನಾಚಿಕೆ ಆಯಿತು. ಅವತ್ತು ಗಾಳಿಯಲ್ಲಿ ನಿಂತುಹೋಗಿದ್ದ ಕೈ ಕಣ್ಣ ಮುಂದೆ ಬಂತು. ಅಮೆರಿಕದಲ್ಲಿ ಯಾರ್ಯಾರಿಗೆ ಎಲ್ಲೆಲ್ಲಿ ಇದ್ದರೆ ಹಿತ ಅಂತ ಹೇಳಿದವಳು, ಒಂದೇ ಮನೆಯಲ್ಲಿದ್ದ ಹೆಂಗಸನ್ನು ಒಂದು ದಿನ ಕೇಳಿರಲಿಲ್ಲ. ಕೇಳೋದಿರಲಿ, ಆ ಹೆಂಗಸಿಂದಲೇ ತಪ್ಪಿಸಿಕೊಂಡು ಓಡಿ ಬಂದಿದ್ದಳು, ಮಹಾರಾಣಿ.

ಅತ್ತೆಯ ಫೋನು ಬಡಿದುಕೊಂಡಿತು. ಮಾವ. ಅತ್ತೆಯ ಮುಖ ಬಿಳುಚಿಕೊಂಡಿತು. ಹಂಸ ಫೋನು ಕಿತ್ತುಕೊಂಡಳು.

“ಅತ್ತೆ ಇಲ್ಲಿದಾರೆ ಮಾವ. ನಾನೇ ಕರೆಸ್ಕೊಂಡೆ. ಹಾಲು ಸೀದುಹೋಯ್ತು, ಬಾಗಿಲಿಗೆ ಬೀಗ ಬಿದ್ದೋಯ್ತು, ಏನೂ ನಿಭಾಯಿಸಕ್ಕಾಗ್ತಿಲ್ಲ ನಂಗೆ.”

“ಹಹ್ಹಹ್ಹಾ! ಹೇಳ್ಲಿಲ್ವಾ ನಾನು? ಏ ಯಮುನಾ, ಬಾರೇ ಇಲ್ಲಿ, ನಿನ್ ಮಗಳು ಏನಂತಾಳೆ ಕೇಳು! ಅತ್ತೆ ಇಲ್ದೆ ಆಗಲ್ಲ ಅಲ್ವಾ ನಿಂಗೆ? ಕಳಿಸ್ಲಾ ಲಾರಿ?”

ಈಗಾಗಲೇ ಬೀದಿಯ ಎರಡೂ ಬದಿಗೆ ಸುದ್ದಿ ಮುಟ್ಟಿತು ಅಂತ ಹಂಸಳಿಗೆ ಗೊತ್ತು. ಇನ್ನು ಹಬ್ಬ ಹರಿದಿನಕ್ಕೆ ಹೋದಾಗಲೆಲ್ಲಾ ಸೀದ ಹಾಲಿನ ಕಥೆಯೇ. ಅಷ್ಟು ವರ್ಷದ ಅಯೋವಾ ಅಕ್ಕನ ಗತ್ತು ಅಲ್ಲಿಗೆ ಮುಗಿಯಿತು.

“ಲಾರಿ ಬೇಡ ಮಾವ. ಅತ್ತೇನ ಕಳಿಸಿ ಸಾಕು. ಮಂಗಳವಾರ, ಗುರುವಾರ… ಬುಧವಾರಾನೂ. ಬಂದು ನಂಗೆ ಸಂಸಾರ ಮಾಡೋದು ಕಲಿಸಿಕೊಡ್ಲಿ.”

“ಹೂಂ, ಹಂಗೆ ಬಾ ದಾರಿಗೆ” ಅಂದ ಮಾವ. ಗೆದ್ದ ಖುಷಿಯಲ್ಲಿ ದೀಪಾವಳಿಯ ಮಾತೇ ಮರೆತ.

ಹಂಸ ನೈಟಿ ಬದಲಾಯಿಸಿ ಲ್ಯಾಪ್‌ಟಾಪ್ ಎತ್ತಿಕೊಂಡಳು. “ನಂಗೆ ಆಫೀಸಿದೆ ಅತ್ತೆ.”

“ಇವತ್ತು ಬುಧವಾರ ಅಲ್ವೇನೇ?”

“ಇನ್ಮೇಲೆ ಬುಧವಾರಾನೂ ಇರುತ್ತೆ.”

ಅತ್ತೆ ಅವಳನ್ನು ಒಂದು ಸಲ ನೋಡಿದಳು. ಹಂಸ ಈ ಸಲ ಬೀಗದ ಕೈ ಹಿಡಿದುಕೊಂಡೇ ಹೊರಬಂದು ಬಾಗಿಲು ಎಳೆದುಕೊಂಡಳು. ಮೆಹ್ವಿಶಳ ಮನೆ ಗಂಟೆ ಒತ್ತಿ, ಅಲ್ಲೇ ಕೂತು ಮಿನ್ನೆಸೋಟಾದ ಬಗ್ಗೆ ಬರೆಯೋದು ಅಂತ ಯೋಚನೆ. ಗಂಟೆಗೆ ಕೈ ಇಡುವಷ್ಟರಲ್ಲಿ ಹಿಂದಿನಿಂದ ಸದ್ದು ಕೇಳಿಸಿತು. ಒಳಗೆ ದೊಡ್ಡಮುನಿಯಮ್ಮ ಹಾಡಹಗಲೇ, ಮೇಲಿನದೊಂದು ಕೆಳಗಿನದೊಂದು, ಎರಡೂ ಚಿಲಕ ಹಾಕಿಕೊಳ್ಳುತ್ತಿದ್ದಳು.