ಟೀನಿ ಕೆಲಸಕ್ಕೊಂದು ಕೋಣೆ

ಚಿಕ್ಕದಕ್ಕೆ ಇಂಗ್ಲಿಷಿನಲ್ಲಿ ಟೈನಿ ಅಂತಾರೆ. ಮುದ್ದು ಬಂದಾಗ ಅದೇ ಟೀನಿ. ನಾಯಿಮರಿ ಟೀನಿ, ಕೂಸಿನ ಕಾಲುಚೀಲ ಟೀನಿ. ಅರ್ಜಿಯಲ್ಲಿ ಯಾರೂ ಬರೆಯದ, ಬಾಯಲ್ಲಿ ಮಾತ್ರ ಆಡುವ ಪದ. ಅದನ್ನು ಈ ಮನೆಗೆ ತಂದವನು ಕಾಲೇಜು ಮುಗಿಸಿದ ಮೈದುನ. ತಂದು ಅತ್ತಿಗೆಯ ಹೊಲಿಗೆಗೆ ಅಂಟಿಸಿಬಿಟ್ಟ.

"ಅತ್ತಿಗೆ, ಟೀನಿ ಕೆಲಸ. ಒಂದು ಗುಂಡಿ ಅಷ್ಟೇ."

ಬರುಬರುತ್ತಾ ಅತ್ತೆಗೂ ಅಕ್ಕಪಕ್ಕದವರಿಗೂ ಅದೇ ರೂಢಿಯಾಯಿತು. ಟೀನಿ ಅಂದಮೇಲೆ ಮಜೂರಿ ಕೇಳುವುದು ಹೇಗೆ?

ಅತ್ತಿಗೆಗೆ ಬೇಕಿದ್ದದ್ದು ಬೀದಿ ಕಡೆಯ ಕೋಣೆ. ಅಲ್ಲಿ ಒಳ್ಳೆ ಬೆಳಕಿತ್ತು. ಯಾವತ್ತೋ ಬರುವ ನೆಂಟರಿಗಾಗಿ ಮುಸುಕು ಹೊದ್ದು ಕೂತ ಸೋಫಾನೂ ಇತ್ತು. ಅವಳು ಬಟ್ಟೆ ಕತ್ತರಿಸುತ್ತಿದ್ದದ್ದು ಊಟದ ಮೇಜಿನ ಮೇಲೆ. ತಟ್ಟೆ ಬರುವ ಹೊತ್ತಿಗೆ ಎಲ್ಲ ಮಡಿಸಬೇಕು, ತಟ್ಟೆ ತೊಳೆದು ಬಂದು ಮತ್ತೆ ಹರಡಬೇಕು. ತೊಳೆಯುವವಳೂ ಅವಳೇ.

"ಟೀನಿ ಕೆಲಸಕ್ಕೆ ಕೋಣೆ ಯಾಕೆ?" ಅಂದಿದ್ದ ಗಂಡ, ಪೇಪರಿನಿಂದ ತಲೆ ಎತ್ತದೆ.

ಒಂದು ಮಧ್ಯಾಹ್ನ ಮೈದುನ ಕೋಟು ತಂದ. ಮರುದಿನ ಅವನಿಗೆ ಇಂಟರ್‌ವ್ಯೂ.

"ಸೊಂಟದ ಹತ್ರ ಬೆರಳಗಲ ಹಿಡೀಬೇಕು ಅತ್ತಿಗೆ. ಟೀನಿ."

"ಆಗಲಿ."

ಬೆರಳಗಲ ಹಿಡಿಯಲು ಕೋಟಿನ ಒಳಪದರವನ್ನೂ ಪಕ್ಕದ ಹೊಲಿಗೆಗಳನ್ನೂ ಪೂರ್ತಿ ಬಿಚ್ಚಬೇಕು. ಇಷ್ಟು ದಿನ ಅದನ್ನೆಲ್ಲ ಮನೆಯವರು ಹೊರಗೆ ಹೋದಾಗ ಮಾಡಿ ಮುಗಿಸುತ್ತಿದ್ದಳು. ಈ ಸಲ ಎಲ್ಲರ ಕಣ್ಣೆದುರೇ ಬಿಚ್ಚಿದಳು. ಕೋಟು ಮೇಜಿನ ಉದ್ದಕ್ಕೂ ಮಲಗಿತು. ಸೀಮೆಸುಣ್ಣದ ಗೆರೆ ಎಳೆದು ಗುಂಡುಸೂಜಿ ಚುಚ್ಚತೊಡಗಿದಳು.

ಸಂಜೆ ಊಟಕ್ಕೆ ಅತ್ತೆ ಪಾತ್ರೆ ಹಿಡಿದು ಬಂದರು. "ಸ್ವಲ್ಪ ಎತ್ತಿಡಮ್ಮ."

"ಎತ್ತಿದ್ರೆ ಗೆರೆ ಜಾರುತ್ತೆ ಅತ್ತೆ. ಒಂದು ಪಕ್ಕ ಸೊಟ್ಟ ಆಗುತ್ತೆ." ಮೈದುನನ ಕಡೆ ತಿರುಗಿದಳು. "ಎತ್ತಲೇನಪ್ಪ?"

"ಬೇಡ ಬೇಡ," ಅಂದ ಅವನು.

ಮನೆಮಂದಿ ಮೆಟ್ಟಿಲ ಮೇಲೆ ಸಾಲಾಗಿ ಕೂತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರು. ಗಂಡನ ಅಂಗಿಗೆ ಎಣ್ಣೆ ಚೆಲ್ಲಿತು.

"ಬೆಳಿಗ್ಗೆ ತಿಂಡಿಗಾದ್ರೂ ಮೇಜು ಸಿಗುತ್ತಾ?"

"ಕೈಹೊಲಿಗೆ ಬಾಕಿ ಇದೆ ರೀ. ಟೀನಿ ಕೈಹೊಲಿಗೆ."

ಅತ್ತೆ ಮೊದಲು ನಕ್ಕರು. ಆಮೇಲೆ ಕೋಟನ್ನೇ ನೋಡುತ್ತಾ ಕೂತರು. "ನನ್ನ ಕೆಲಸಾನೂ ಆ ಮೇಜಿಂದ ಎತ್ತಿಡ್ತಾ ಎತ್ತಿಡ್ತಾನೇ ನಾನು ಮುದುಕಿ ಆದೆ," ಅಂದರು. "ಏಳ್ರೋ ಇಬ್ರೂ. ಆ ಸೋಫಾ ಹಿಂದಕ್ಕೆ ಸಾಗಿಸಿ. ಮೇಜು ಬೀದಿ ಕಡೆ ಕೋಣೆಗೆ ಹೋಗ್ಲಿ."

"ನೆಂಟರು ಬಂದ್ರೆ ಎಲ್ಲಿ ಕೂರಿಸೋದಮ್ಮ?" ಅಂದ ಗಂಡ.

"ಮೆಟ್ಟಿಲ ಮೇಲೆ. ನಿಮಗೆ ಅಭ್ಯಾಸ ಆಯ್ತಲ್ಲ."

ಸೋಫಾ ಹಿಂದಕ್ಕೆ ಹೋಯಿತು. ಆಮೇಲೆ ಅಣ್ಣ ತಮ್ಮ ಇಬ್ಬರೂ, ಮಲಗಿದ ಕೋಟಿನ ಸಮೇತ, ತುಂಬಿದ ಕೊಡ ಹೊತ್ತವರ ಹಾಗೆ ಉಸಿರು ಬಿಗಿಹಿಡಿದು ಮೇಜು ಹೊತ್ತರು. ಮುಂದೆ ಅವಳು, ಕುತ್ತಿಗೆಗೆ ಟೇಪು ಹಾಕಿಕೊಂಡು. "ನಿಧಾನ. ಬಾಗಿಲ ಹತ್ರ ಓರೆ ಮಾಡ್ಬೇಡಿ." ಒಂದು ಸೂಜಿಯೂ ಅಲುಗಲಿಲ್ಲ.

ಬೆಳಿಗ್ಗೆ ಕೋಟು ಮೈಗೆ ಹೇಳಿ ಮಾಡಿಸಿದಂತೆ ಕೂತಿತು.

ಮುಂದಿನ ವಾರ ಮೈದುನ ಪ್ಯಾಂಟು ಹಿಡಿದು ಆ ಕೋಣೆಯ ಹೊಸ್ತಿಲಲ್ಲಿ ನಿಂತ. ಒಳಗೆ ಆಗಲೇ ಪಕ್ಕದ ಬೀದಿಯ ಹೆಂಗಸರು ಕಾಯುತ್ತಿದ್ದರು.

"ಅತ್ತಿಗೆ, ಒಂದು ಟೀ..." ಅಂದವನು ಮಾತು ನುಂಗಿಕೊಂಡ. "ಒಂದು ಕೆಲಸ ಇತ್ತು."

"ಇವರಾದ ಮೇಲೆ," ಅಂದಳು ಅವಳು, ಕತ್ತರಿಯಿಂದ ಕಣ್ಣು ತೆಗೆಯದೆ.