ಎರಡನೇ ರಿಮೋಟಿನ ತಡ

ಆಪಾ, ನಿನ್ನ ಕೈ ನಿಧಾನವಾಗಿಲ್ಲ. ನಿಧಾನ ಮಾಡಿದವನು ನಾನು. ಮೂರು ವರ್ಷದಿಂದ ಹಬ್ಬ ಬಂದಾಗಲೆಲ್ಲ ಆ ಬೈಕ್ ಆಟದಲ್ಲಿ ನಿನ್ನನ್ನು ಸೋಲಿಸಿ ಮೀಸೆ ತಿರುವಿಕೊಂಡು ಓಡಾಡಿದೆನಲ್ಲ—ಅದು ಗೆಲುವಲ್ಲ, ಕಳ್ಳತನ. ನಿನ್ನ ಕೈಲಿದ್ದ ರಿಮೋಟ್ ತಡವಾಗಿ ಕೆಲಸ ಮಾಡುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಎದುರಿಗೆ ಕೂತು ಹೇಳೋಣವೆಂದು ಬಾಯಿ ತೆರೆದದ್ದೂ ಉಂಟು. ನೀನು ಅರ್ಧಕ್ಕೇ ಏನಾದರೂ ತಮಾಷೆ ಮಾಡಿ ನಗಿಸಿಬಿಡುತ್ತೀಯ. ಒಮ್ಮೆ ನಕ್ಕುಬಿಟ್ಟ ಮೇಲೆ ತಪ್ಪು ಒಪ್ಪಿಕೊಳ್ಳುವ ಧೈರ್ಯ ಎಲ್ಲಿಗೆ ಓಡಿಹೋಗುತ್ತದೋ... ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ತಪ್ಪು ಯಾವ ಸಂದಿಯಲ್ಲಿ ನುಸುಳಿತೆಂದು ನಾನೂ ಒಮ್ಮೆ ನೋಡಿಕೊಳ್ಳಬೇಕಾಗಿದೆ.

ಅಬ್ಬಾ ಲಾರಿ ಓಡಿಸುತ್ತಿದ್ದಾಗ ಭದ್ರಾವತಿಯ ನಮ್ಮ ಮನೆಗೆ ಒಂದು ಟಿವಿ ಗೇಮ್ ತಂದಿದ್ದರು. ಅದರ ಜೊತೆಗೆ ಬಂದದ್ದು ಒಂದೇ ಕ್ಯಾಸೆಟ್. ಇಬ್ಬರು ಅಕ್ಕಪಕ್ಕದಲ್ಲಿ ಬೈಕ್ ಓಡಿಸುತ್ತ, ದಾರಿಯಲ್ಲಿ ಬರುವ ಹಳ್ಳಗಳನ್ನು ಹಾರುವ ಆಟ. ಬಟನ್ ಒತ್ತುವುದು ಒಂದಿಷ್ಟು ಬೇಗವಾದರೂ ಬೈಕು ಹಳ್ಳಕ್ಕೆ, ಒಂದಿಷ್ಟು ತಡವಾದರೂ ಹಳ್ಳಕ್ಕೆ. ಮೊದಲನೇ ರಿಮೋಟಿನಲ್ಲಿ ಸ್ಟಾರ್ಟ್ ಬಟನ್ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಅಕ್ಕ ನೀನು, ಹಾಗಾಗಿ ಮೊದಲನೆಯದು ನಿನ್ನದು. ನಾನು ಸೋಲುವುದಕ್ಕೂ ನೀನೇ ಸ್ಟಾರ್ಟ್ ಒತ್ತಬೇಕಿತ್ತು. ಬೀದಿಯ ಹುಡುಗರೆಲ್ಲ ಸಾಲುಗಟ್ಟಿ ಬಂದು ನಿನ್ನ ಹತ್ತಿರ ಸೋತು ಹೋಗುತ್ತಿದ್ದರು. ಒಂದು ಸಲವಂತೂ ನೀನು ಬಲಗೈಯಲ್ಲಿ ಬಿಸ್ಕತ್ತು ತಿನ್ನುತ್ತ, ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯೊಂದರಲ್ಲೇ ನನ್ನನ್ನು ಸೋಲಿಸಿದೆ. ಅವತ್ತು ನಾನು ಊಟ ಮಾಡಲಿಲ್ಲ.

ಆ ಯಂತ್ರ ಸುಟ್ಟುಹೋಗಿ ಎಷ್ಟೋ ವರ್ಷ ಅಟ್ಟದ ಮೇಲೆ ಬಿದ್ದಿತ್ತು. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನನ್ನ ತಲೆಗೆ ಒಂದು ಹುಳ ಹೊಕ್ಕಿತು—ಸತ್ತ ಯಂತ್ರವನ್ನು ಕಂಪ್ಯೂಟರಿನೊಳಗೆ ಬದುಕಿಸಬೇಕು. ಕ್ಯಾಸೆಟ್ಟಿನ ಚಿಪ್ಪಿನಲ್ಲಿದ್ದ ಆಟವನ್ನು ಓದಿ ಕಂಪ್ಯೂಟರಿಗೆ ತುಂಬಿದೆ. ಹಳೆಯ ಯಂತ್ರ ಹೇಗೆ ಲೆಕ್ಕ ಮಾಡುತ್ತಿತ್ತು, ಹೇಗೆ ಬಣ್ಣ ಬಳಿಯುತ್ತಿತ್ತು, ಹೇಗೆ ಕೀರಲು ದನಿಯಲ್ಲಿ ಹಾಡುತ್ತಿತ್ತು, ಅದೆಲ್ಲವನ್ನೂ ಹಾಗೆಹಾಗೇ ನಟಿಸುವ ಪ್ರೋಗ್ರಾಂ ಬರೆಯುತ್ತ ಕೂತೆ. ತಿಂಗಳುಗಟ್ಟಲೆ ಹಿಡಿಯಿತು. ಮೊದಲ ಸಲ ಪರದೆಯ ಮೇಲೆ ಏನೋ ಮೂಡಿತು ನೋಡು, ಬೈಕು ಆಕಾಶದಲ್ಲಿ ತಲೆಕೆಳಗಾಗಿ ಓಡುತ್ತಿತ್ತು. ಅಮ್ಮಿ ಕನ್ನಡಕ ಏರಿಸಿಕೊಂಡು ನೋಡಿ, "ಹೆಲ್ಮೆಟ್ ಹಾಕ್ಕೊಂಡಿದಾನಲ್ಲ, ಏನೂ ಆಗಲ್ಲ ಬಿಡು" ಎಂದಳು.

ರಿಮೋಟುಗಳು ಮಾತ್ರ ನಮ್ಮ ಹಳೆಯವೇ ಬೇಕೆಂದು ನನಗೆ ಹಟ. ಅವುಗಳ ವೈರನ್ನು ಒಂದು ಸಣ್ಣ ಬೋರ್ಡಿಗೆ ಬೆಸೆದು ಕಂಪ್ಯೂಟರಿಗೆ ಸೇರಿಸಿದೆ. ಎರಡನೆಯದರೊಳಗಿನ ರಬ್ಬರ್ ಸವೆದುಹೋಗಿ, ಒಮ್ಮೆ ಒತ್ತಿದರೆ ಮೂರು ಸಲ ಒತ್ತಿದಂತಾಗುತ್ತಿತ್ತು. ಅದಕ್ಕೆಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ: ಎರಡನೇ ರಿಮೋಟಿನ ಮಾತನ್ನು ತಕ್ಷಣ ನಂಬಬೇಡ, ಚೂರು ಕಾದು ನೋಡು, ಒತ್ತಿದ್ದು ನಿಜವೆಂದು ಖಾತ್ರಿಯಾದ ಮೇಲೆ ಬೈಕ್ ಹಾರಿಸು. ಆಮೇಲೆ ಹೊಸ ರಬ್ಬರ್ ಸಿಕ್ಕಿತು, ಹಾಕಿದೆ. ಕಾಯುವ ಸಾಲನ್ನು ತೆಗೆಯಲು ಮರೆತೆ. ಇಲ್ಲಿಯತನಕದ್ದು ಮರೆವು, ಆಪಾ. ಇದರ ಮುಂದಿನದು ಮರೆವಲ್ಲ.

ಆ ವರ್ಷದ ರಂಜಾನ್ ಹಬ್ಬಕ್ಕೆ ನೀನೂ ಭಾವ ಅಕ್ರಂ ಭಾಯಿಯೂ ಶಿವಮೊಗ್ಗದಿಂದ ಬಂದಿರಿ. ಶೀರ್ ಖುರ್ಮಾ ಪಾಯಸದ ಬಟ್ಟಲನ್ನು ಪಕ್ಕಕ್ಕಿಟ್ಟು, ಕಂಪ್ಯೂಟರಿಗೆ ಜೋಡಿಸಿದ್ದ ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆಯಲ್ಲ, ಮತ್ತೆ ಸ್ಕೂಲಿಗೆ ಹೋಗುವ ಹುಡುಗಿಯ ಹಾಗೇ ಕಂಡೆ. "ಮಾಡಿದ್ದು ನಾನು, ಮೊದಲನೇ ರಿಮೋಟ್ ನಂದು" ಎಂದು ನಾನು ಕಿತ್ತುಕೊಂಡೆ.

"ತಗೋ ಮಾರಾಯ, ನಂಗೆ ಯಾವ್ದಾದ್ರೂ ಒಂದೇ" ಎಂದೆ ನೀನು. ಸವಳಂಗ ರಸ್ತೆಯ ನಿನ್ನ ಕ್ಲಾಸಿನಲ್ಲಿ ಹೆಂಗಸರಿಗೆ ಕಾರು ಕಲಿಸಿ ಕಲಿಸಿ, ಮನೆಯಲ್ಲೂ ನಮ್ಮ ದಖನಿ ಉರ್ದುವಿಗಿಂತ ಮೊದಲು ಕನ್ನಡವೇ ನಿನ್ನ ಬಾಯಿಗೆ ಬರುತ್ತದೆ.

ಅವತ್ತು ಹಳ್ಳದ ಮೇಲೆ ಹಳ್ಳ ನಿನ್ನ ಬೈಕನ್ನು ನುಂಗಿತು. ಹುಟ್ಟಿದಾಗಿನಿಂದ ಮೊದಲ ಸಲ ನಾನು ಗೆದ್ದೆ. ಅಮ್ಮಿ ಪಕ್ಕದ ಮನೆಗೂ ಹೋಗಿ ಹೇಳಿ ಬಂದಳು.

ಹಬ್ಬ ಕಳೆದ ಮೇಲೆ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಸುಮ್ಮನೆ ಎರಡನೇ ರಿಮೋಟ್ ಹಿಡಿದು ಆಡಿದೆ. ಮೊದಲ ಹಳ್ಳಕ್ಕೇ ಬಿದ್ದೆ. ಮತ್ತೆ ಆಡಿದೆ, ಮತ್ತೆ ಬಿದ್ದೆ. ಹೆಬ್ಬೆರಳು ಒತ್ತಿದ ಮೇಲೆ ಬೈಕು ಏನೋ ಯೋಚನೆ ಮಾಡಿ ಹಾರುತ್ತಿತ್ತು. ಕೂಡಲೇ ಗೊತ್ತಾಯಿತು. ಪ್ರೋಗ್ರಾಂ ತೆರೆದು ನೋಡಿದರೆ ಆ ಸಾಲು ಅಲ್ಲೇ ಇತ್ತು. ಅಳಿಸುವುದಕ್ಕೆ ಒಂದು ಕ್ಷಣ ಸಾಕಿತ್ತು, ಅಳಿಸುವವನೇ ಇದ್ದೆ—ಆಗಲೇ ನಿನ್ನ ಫೋನ್ ಬಂತು.

"ಹೆಂಗೋ ಗೆದ್ದೆ, ಕಳ್ಳ? ನಿಜ ಹೇಳು. ಏನೋ ಮಾಡಿದೀಯ ನೀನು."

ನಗುತ್ತಲೇ ಕೇಳಿದೆ. ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ನಾಲ್ಕು ಬೈಗುಳ ತಿಂದು ಆರಾಮಾಗಿ ಮಲಗುತ್ತಿದ್ದೆ. ಪರದೆಯ ಮೇಲೆ ಆ ಸಾಲನ್ನು ನೋಡುತ್ತಲೇ ನಾನು ಹೇಳಿದೆ:

"ವಯಸ್ಸಾಯ್ತು ಆಪಾ ನಿಂಗೆ. ಕೈ ಸ್ಲೋ ಆಗಿದೆ, ಒಪ್ಕೋ."

ನೀನು, "ಇದ್ರೂ ಇರ್ಬೋದು ಕಣೋ" ಎಂದು ನಕ್ಕೆ. ನಾನೂ ನಕ್ಕೆ. ಸಾಲು ಹಾಗೇ ಉಳಿಯಿತು. ರಿಮೋಟಿನ ತಡಕ್ಕಿಂತ ನನಗೆ ಇವತ್ತಿಗೂ ಚುಚ್ಚುವುದು ಆ ಮಾತೇ.

ಮುಂದಿನ ಹಬ್ಬಕ್ಕೆ ತೆಗೆದರಾಯಿತು ಎಂದುಕೊಂಡೆ. ರುಚಿ ಕಂಡ ಬೆಕ್ಕು ನಾನು. ಬಕ್ರೀದಿಗೂ ಗೆದ್ದೆ, ಅದರ ಮುಂದಿನ ರಂಜಾನಿಗೂ ಗೆದ್ದೆ. ಒಮ್ಮೆ ನೀನು ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಲ್ಲೇ ಏನೋ ಐಬಿದೆ ನೋಡೋ" ಎಂದದ್ದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಲ್ಲರೆದುರಿಗೆ ಹಂಗಿಸಿದೆ. ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವನೇ ಗಾದೆ ಹೇಳುತ್ತಿದ್ದ. ನೀನು ಮತ್ತೆ ರಿಮೋಟಿನ ಮಾತೆತ್ತಲಿಲ್ಲ. ಆದರೆ ದಿನ ಕಳೆದಂತೆ ನಮ್ಮಿಬ್ಬರ ನಡುವಿನ ಅಂತರ ಕಡಿಮೆಯಾಗುತ್ತ ಬಂತು. ಕೂದಲೆಳೆಯಲ್ಲಿ ಗೆಲ್ಲುವ ಹಾಗಾಯಿತು ನನಗೆ. ಅದು ಯಾಕೆಂದು ಆಗ ಯೋಚಿಸಲಿಲ್ಲ.

ಈ ಸಲದ ರಂಜಾನ್ ಊಟದಲ್ಲಿ ಅಕ್ರಂ ಭಾಯಿ ಕರುವಿನ ಕಥೆ ಹೇಳಿದರು. ಸಕ್ರೆಬೈಲಿನ ಕಡೆ ಹೋಗುವ ರಸ್ತೆಯಲ್ಲಿ ಕಲಿಯುವ ಹೆಂಗಸು ಸ್ಟಿಯರಿಂಗ್ ಹಿಡಿದಿದ್ದಾಗ ಕರುವೊಂದು ಅಡ್ಡ ಬಂತು. ಪಕ್ಕದ ಸೀಟಿನಲ್ಲಿ ಕೂರುವ ನಿನ್ನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ನೀನು ಒತ್ತಿದೆ. ಕಾರು ನಿಂತಿತು, ಕರು ಬಾಲ ಎತ್ತಿಕೊಂಡು ಓಡಿತು. ಅಷ್ಟೇ. ಅಕ್ರಂ ಭಾಯಿ ನಿನ್ನನ್ನು ಹೊಗಳಲು ಹೊರಟರೆ ನೀನು ತಡೆದೆ.

"ಏನೂ ಆಗ್ಲಿಲ್ಲ ಅಷ್ಟೇ ರೀ. ನಾನು ಒತ್ತಿದ್ದು ಲೇಟಾಗಿತ್ತು. ಗೇಮಲ್ಲೇ ಆಗ್ತಿಲ್ಲ ನನ್ ಕೈಲಿ, ಇನ್ನು ರೋಡಲ್ಲಿ? ಕೈಯಾದ್ರೇನು ಕಾಲಾದ್ರೇನು, ಹೇಳೋ ತಲೆ ಒಂದೇ ಅಲ್ವಾ."

ಎಲ್ಲರೂ ನಕ್ಕರು. ನಾನು ಊಟ ಬಿಟ್ಟು ಎದ್ದೆ. ವೈರು ಸಡಿಲವಾಗಿದೆ ಎಂದು ಸುಳ್ಳು ಹೇಳಿ ಒಳಗೆ ಹೋಗಿ ಆ ಸಾಲನ್ನು ಅಳಿಸಿಹಾಕಿದೆ. ಇವತ್ತು ಆಪಾ ಗೆಲ್ಲುತ್ತಾಳೆ, ಅವಳ ಅನುಮಾನ ತೀರುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ... ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೇಡಿಯ ಲೆಕ್ಕ ಇದಕ್ಕಿಂತ ದೊಡ್ಡದಿರುವುದಿಲ್ಲ.

ಆದರೆ ನೀನು ಗೆಲ್ಲಲಿಲ್ಲ. ಹಿಂದೆಂದಿಗಿಂತಲೂ ಕೆಟ್ಟದಾಗಿ ಸೋತೆ. ಒಂದು ಹಳ್ಳವನ್ನೂ ದಾಟಲಿಲ್ಲ. ರಿಮೋಟನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, "ಸಾಕು ಕಣೋ ಇಮ್ತಿ. ನಂದು ಮುಗೀತು" ಎಂದು ನಕ್ಕೆ. ಆ ಸಲ ಅಮ್ಮಿ ನಗಲಿಲ್ಲ.

ಮಾರನೆಯ ದಿನ ತಲೆ ಕೆರೆದುಕೊಂಡು ಕೂತಾಗ ಅರ್ಥವಾಯಿತು. ನಿನ್ನ ಬೈಕು ಮೊದಲಿನ ಹಾಗೆ ಹಳ್ಳದ ಅಂಚಿಗೆ ಹೋಗಿ ಜಾರಿ ಬೀಳುತ್ತಿರಲಿಲ್ಲ. ಬೇಗ ಹಾರಿ, ಆಚೆ ದಡ ಮುಟ್ಟದೆ ಬೀಳುತ್ತಿತ್ತು. ಪ್ರತಿ ಹಳ್ಳಕ್ಕೂ ಅಷ್ಟೇ ಬೇಗ—ನನ್ನ ಸಾಲು ಎಷ್ಟು ಕಾಯುತ್ತಿತ್ತೋ ಸರಿಯಾಗಿ ಅಷ್ಟೇ. ಯಾರೂ ಹೇಳದೆ, ನಿನಗೂ ತಿಳಿಯದೆ, ನಿನ್ನ ಬೆರಳು ನನ್ನ ಮೋಸವನ್ನು ಅಳೆದು ಅದಕ್ಕೆ ತಕ್ಕಂತೆ ಮುಂಚಿತವಾಗಿ ಒತ್ತಲು ಕಲಿತುಬಿಟ್ಟಿತ್ತು. ನಾನು ಕದ್ದುಮುಚ್ಚಿ ಆ ಮೋಸವನ್ನು ತೆಗೆದಾಗ, ನೀನು ಕಲಿತದ್ದೇ ನಿನ್ನನ್ನು ಕೆಡವಿತು. ನಿಧಾನವಾದ ಕೈ ಇಂಥದ್ದನ್ನು ಕಲಿಯುತ್ತದೆಯೇ ಆಪಾ? ಆ ಕೈ ನನಗಿದ್ದಿದ್ದರೆ ಊರೆಲ್ಲ ಡಂಗುರ ಹೊಡೆಸುತ್ತಿದ್ದೆ. ಇದನ್ನು ಕಂಡು ಅಂಗಡಿಯಲ್ಲಿ ಒಬ್ಬನೇ ನಕ್ಕೆ, ಖುಷಿಯಿಂದಲೇ ನಕ್ಕೆ. ಆಮೇಲೆ ನಾಚಿಕೆಯಾಯಿತು. ಆದರೂ ಫೋನ್ ಮಾಡಲಿಲ್ಲ.

ನಿನ್ನೆ ಅಕ್ರಂ ಭಾಯಿಯೇ ಫೋನ್ ಮಾಡಿದರು. "ಈ ಬ್ಯಾಚ್ ಮುಗಿದ್ಮೇಲೆ ಕ್ಲಾಸ್ ನಿಲ್ಲಿಸ್ತಾಳಂತೆ ಕಣಯ್ಯ. ಸೇರೋಕೆ ಬಂದೋರ್ನೆಲ್ಲ ವಾಪಸ್ ಕಳಿಸ್ತಿದಾಳೆ. ಕಾರಿಗೆ ಗಿರಾಕಿ ನೋಡಿ ಅಂತಾಳೆ. ನೀನಾದ್ರೂ ಹೇಳು, ನಿನ್ ಮಾತು ಕೇಳ್ತಾಳೆ."

ನನ್ನ ಮಾತು ಕೇಳಿಯೇ ಅಲ್ಲವೇ ಇದೆಲ್ಲ ಆದದ್ದು.

ಭಾನುವಾರ ಅಮ್ಮಿಯನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬರುತ್ತೇನೆ. ಇಲ್ಲಿ ಬರೆದದ್ದನ್ನು ಅಕ್ರಂ ಭಾಯಿಯ ಎದುರಿಗೂ ಅಮ್ಮಿಯ ಎದುರಿಗೂ ಬಾಯಿಬಿಟ್ಟು ಹೇಳುತ್ತೇನೆ. ಮೊದಲು ಮರೆತಿದ್ದೆ ಎಂಬುದನ್ನು ಗುರಾಣಿ ಮಾಡಿಕೊಳ್ಳುವುದಿಲ್ಲ. ಪಕ್ಕದ ಮನೆಯವರಿಗೂ ಹೇಳುವುದು ಅಮ್ಮಿಗೆ ಬಿಟ್ಟದ್ದು. ಕಂಪ್ಯೂಟರನ್ನೂ ತರುತ್ತೇನೆ, ಆಡುವುದು ಬಿಡುವುದು ನಿನ್ನಿಷ್ಟ. ಬೇಗ ಒತ್ತುವ ಅಭ್ಯಾಸ ಬಿಡುವತನಕ ನೀನು ಬೀಳುತ್ತೀಯ, ಆಮೇಲೆ ನಾನು ಸಾಯುವತನಕ ಸೋಲುತ್ತೇನೆ.

ಕಾರು ಮಾತ್ರ ಮಾರಬೇಡ. ನಿನ್ನ ಕೈ ಚುರುಕಾಗಿದೆ ಎಂದು ನಾನು ಹೇಳಿದರೆ ನೀನು ಯಾಕೆ ನಂಬಬೇಕು, ಸುಳ್ಳು ಹೇಳಿದ ಬಾಯಿ ಇದು. ಆದ್ದರಿಂದ ಹೇಳುವುದಿಲ್ಲ, ಬಂದು ಕೂರುತ್ತೇನೆ. ಲಾರಿ ಡ್ರೈವರ್ ಮಗನಾಗಿಯೂ ನನಗೆ ಇನ್ನೂ ಕಾರು ಬರುವುದಿಲ್ಲ. ನಿನ್ನ ಕ್ಲಾಸು ಹೆಂಗಸರಿಗೆ ಮಾತ್ರ ಎಂದು ಗೊತ್ತು, ನನ್ನೊಬ್ಬನನ್ನು ಸೇರಿಸಿಕೋ. ಭಾನುವಾರ ಸಂಜೆ, ಸವಳಂಗ ರಸ್ತೆಯಲ್ಲಿ ಗಾಡಿಗಳು ತುಂಬಿರುವ ಹೊತ್ತಿಗೇ, ಸ್ಟಿಯರಿಂಗ್ ನಾನು ಹಿಡಿಯುತ್ತೇನೆ. ಪಕ್ಕದ ಸೀಟಿನಲ್ಲಿ ನೀನು ಕೂರು. ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈ ಆಪಾ, ಒಂದಕ್ಕೂ ಎದುರಾಡುವುದಿಲ್ಲ. ಕಾಲು ಬ್ರೇಕಿನ ಮೇಲಿರಲಿ.